ತಂತಿಗೆ ಚುಚ್ಚಿದ ಕಾರ್ಡುಗಳು: ಮನೆಯ ಅಂಚೆ ಸಂಗ್ರಹವನ್ನು ಕಾಪಾಡುವ ಬಗೆ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಸುತ್ತಲಿನ ಹಳೆಯ ಮನೆಗಳಲ್ಲಿ ‘ಅಂಚೆ ಕಾರ್ಡುಗಳ ಸಂಗ್ರಹ’ ಎಂದು ಯಾರೂ ಹೇಳುವುದಿಲ್ಲ. ಅಲ್ಲಿರುವುದು ತಂತಿ. ಪಡಸಾಲೆಯ ಕಂಬದ ಮೊಳೆಗೆ ನೇತುಹಾಕಿದ ಒಂದು ದಪ್ಪ ಕಬ್ಬಿಣದ ತಂತಿ, ಮೇಲ್ತುದಿ ಕೊಕ್ಕೆಯಂತೆ ಬಾಗಿ ಚೂಪಾಗಿದೆ, ಕಾಗದ ಜಾರಿ ಬೀಳದಂತೆ ಕೆಳತುದಿಗೆ ಮರದ ಬಿಲ್ಲೆ. ಪೋಸ್ಟ್‌ಮ್ಯಾನ್ ಕೊಟ್ಟ ಕಾರ್ಡನ್ನು ಓದಿ ಮುಗಿಸಿದ ಮನೆಯ ಯಜಮಾನ ಅದನ್ನು ಆ ಕೊಕ್ಕೆಗೆ ಚುಚ್ಚಿ ಕೆಳಕ್ಕೆ ಸರಿಸುತ್ತಿದ್ದ. ಕಂದಾಯದ ರಸೀದಿ, ಮಂಡಿಯ ಚೀಟಿ, ಸೊಸೈಟಿಯ ನೋಟೀಸು, ಮಗಳ ಊರಿನಿಂದ ಬಂದ ಕಾರ್ಡು, ಎಲ್ಲಕ್ಕೂ ಒಂದೇ ತಂತಿ. ಅದು ತುಂಬಿದಾಗ ಅಟ್ಟಕ್ಕೆ ಹೋಗಿ ಇನ್ನೊಂದು ತಂತಿ ಮೊಳೆಗೆ ಬರುತ್ತಿತ್ತು. ಇಂಥ ಒಂದು ತಂತಿಯನ್ನು ಇಳಿಸಿ ನೋಡಿದರೆ ಕಾರ್ಡುಗಳ ಅಂಚು ಒಲೆಯ ಹೊಗೆಗೆ ಕಪ್ಪಾಗಿರುತ್ತದೆ, ನಡುಭಾಗ ಮಾತ್ರ ನಿನ್ನೆ ಬಂದಂತೆ ತಿಳಿಹಳದಿಯಾಗಿಯೇ ಇರುತ್ತದೆ. ತೂತಿನ ಸುತ್ತ ತುಕ್ಕಿನ ಉಂಗುರ. ಅಡಿಕೆ ಸುಲಿದ ಕೈಯಲ್ಲಿ ಹಿಡಿದ ಕಾರ್ಡುಗಳ ಮೂಲೆಯಲ್ಲಿ ಚೊಗರಿನ ಹೆಬ್ಬೆಟ್ಟು.

ಕಾರ್ಡುಗಳನ್ನು ಕಾಪಾಡುವ ಬಗ್ಗೆ ಇಂದು ಸಿಗುವ ಸಲಹೆಯ ಬಹುಪಾಲು ಹುಟ್ಟಿದ್ದು ಬೇರೆ ಹವೆಯಲ್ಲಿ, ಬೇರೆ ಬಗೆಯ ಕಾರ್ಡಿಗಾಗಿ. ಅದು ಚಿತ್ರದ ಕಾರ್ಡನ್ನು ಆಲ್ಬಮ್ಮಿಗೆ ಸೇರಿಸುವ ಹವ್ಯಾಸಿಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ನಮ್ಮ ಮನೆಗಳಲ್ಲಿ ಉಳಿದಿರುವುದು ಚಿತ್ರವಿಲ್ಲದ, ಒತ್ತೊತ್ತಾಗಿ ಬರೆದ ಸರಕಾರಿ ಕಾರ್ಡು. ಅದಕ್ಕೆ ಬೆಲೆ ಬರುವುದು ಬರಹದಿಂದ, ಅಂಚೆಯ ಮುದ್ರೆಯಿಂದ, ಮೇಲಿನ ಮತ್ತು ಕೆಳಗಿನ ಕಾರ್ಡಿನೊಂದಿಗೆ ಅದಕ್ಕಿರುವ ಸಂಬಂಧದಿಂದ. ಆದ್ದರಿಂದ ಇಲ್ಲಿ ಕಾಪಾಡುವುದೆಂದರೆ ಮುಖ್ಯವಾಗಿ ತೇವ ತಪ್ಪಿಸುವುದು, ಹುಳ ತಪ್ಪಿಸುವುದು, ಕ್ರಮ ಕೆಡಿಸದಿರುವುದು. ಚೆಂದಗಾಣಿಸುವ ಕೆಲಸ ಕಡಿಮೆಯಾದಷ್ಟೂ ಒಳ್ಳೆಯದು.

ಕಾರ್ಡಿನ ವಯಸ್ಸು ತೀರಾ ಹೆಚ್ಚಲ್ಲ. ಜಗತ್ತಿನ ಮೊದಲ ಅಂಚೆ ಕಾರ್ಡು 1869ರ ಅಕ್ಟೋಬರ್ 1ರಂದು ಆಸ್ಟ್ರಿಯಾ-ಹಂಗೆರಿಯಲ್ಲಿ ಹೊರಟಿತು. ಭಾರತಕ್ಕೆ ಬಂದದ್ದು 1879ರ ಜುಲೈ 1ರಂದು, ಕಾಲಾಣೆ ಬೆಲೆಗೆ. ಆಗ ಮೈಸೂರು ಸಂಸ್ಥಾನಕ್ಕೆ ತನ್ನದೇ ಅಂಚೆ ಇತ್ತು. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯೊಂದಿಗೆ ಸೇರಿತು. ಚಿತ್ರದ ಕಾರ್ಡಿನ ಸುಗ್ಗಿ ಇಪ್ಪತ್ತನೆಯ ಶತಮಾನದ ಮೊದಲ ಹದಿನೈದು ವರ್ಷ. ಬ್ರಿಟನ್ನಿನಲ್ಲಿ 1902ರಲ್ಲಿ ಕಾರ್ಡಿನ ಬೆನ್ನನ್ನು ಎರಡು ಪಾಲು ಮಾಡಿ ಒಂದರಲ್ಲಿ ವಿಳಾಸ, ಇನ್ನೊಂದರಲ್ಲಿ ಬರಹ ಎಂದಾದ ಮೇಲೆ ಇಡೀ ಮುಂಭಾಗ ಚಿತ್ರಕ್ಕೆ ಬಿಟ್ಟುಹೋಯಿತು. ಮದರಾಸು ಮತ್ತು ಬೆಂಗಳೂರಿನ ಹಿಗ್ಗಿನ್‌ಬಾಥಮ್ಸ್, ಮದರಾಸಿನ ವೀಲೆ ಅಂಡ್ ಕ್ಲೈನ್ ಮುಂತಾದವರು ನಮ್ಮ ಕಡೆಯ ಪೇಟೆ, ಅರಮನೆ, ಜಲಪಾತಗಳನ್ನು ಕಾರ್ಡಿಗೆ ಇಳಿಸಿದರು. 2018ರಲ್ಲಿ ಲಂಡನ್ನಿನ ಸೋಯಾಸ್ ವಿಶ್ವವಿದ್ಯಾಲಯದ ಬ್ರೂನೈ ಗ್ಯಾಲರಿಯಲ್ಲಿ ಮದರಾಸು ಮತ್ತು ಬೆಂಗಳೂರಿನ ಚಿತ್ರದ ಕಾರ್ಡುಗಳನ್ನೇ ಇಟ್ಟುಕೊಂಡು ಒಂದು ಪ್ರದರ್ಶನ ನಡೆಯಿತು. ಆ ಕಾರ್ಡುಗಳಿಗೆ ಕೊಳ್ಳುವವರಿದ್ದಾರೆ, ಹರಾಜು ಇದೆ, ಪುಸ್ತಕಗಳಿವೆ. ತಂತಿಯ ಕಾರ್ಡಿಗೆ ಇದಾವುದೂ ಇಲ್ಲ. ಮನೆಯವರು ಕೈಬಿಟ್ಟರೆ ಅದು ಬಚ್ಚಲ ಒಲೆಗೇ ಹೋಗುತ್ತದೆ. ನನ್ನ ಕಾಳಜಿ ಅದರ ಕಡೆಗೆ.

ಆ ಕಾರ್ಡುಗಳಲ್ಲಿ ಇರುವುದೇನು? ನೆತ್ತಿಯ ಮೇಲೆ ‘ಶ್ರೀ’, ಬಲಕ್ಕೆ ಊರು ಮತ್ತು ತಾರೀಖು, ‘ತೀರ್ಥರೂಪ ಸಮಾನರಾದ’ ಎಂದು ಶುರು, ‘ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು’. ಆಮೇಲೆ ನಾಲ್ಕು ಸಾಲಿನಲ್ಲಿ ಮಳೆ, ನಾಲೆಯ ನೀರು, ಎಮ್ಮೆ ಈದದ್ದು, ಮಗುವಿಗೆ ಜ್ವರ ಬಂದು ಬಿಟ್ಟದ್ದು. ಕಾರ್ಡು ತೆರೆದ ಕಾಗದ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಹೀಗಾಗಿ ಗುಟ್ಟಿನ ಮಾತು ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ, ‘ಉಳಿದ ವಿಷಯ ಸಮಕ್ಷಮ’ ಎಂಬ ಒಂದು ಸಾಲಿನಲ್ಲಿ ಅಡಗಿರುತ್ತದೆ.

ಮದುವೆ, ನಾಮಕರಣದ ಸುದ್ದಿಯಾದರೆ ನಾಲ್ಕೂ ಮೂಲೆಗೆ ಅರಿಶಿನ. ಸಾವಿನ ಸುದ್ದಿಯ ಕಾರ್ಡನ್ನು ಮಾತ್ರ ತಂತಿಗೆ ಚುಚ್ಚುವ ಪದ್ಧತಿ ಇರಲಿಲ್ಲ. ಓದಿದ ಕೂಡಲೇ ಹರಿದು ಹೊರಗೆ ಎಸೆಯುತ್ತಿದ್ದರು. ಮನೆಯ ಕಾರ್ಡುಗಳನ್ನು ಓದುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಮದುವೆ, ಹೆರಿಗೆ, ಬೆಳೆ, ಸಾಲ ಎಲ್ಲ ಇದ್ದು ಸಾವೇ ಇಲ್ಲದ ಆ ಕಂತೆ ಮನೆತನದ ಪೂರ್ತಿ ಕಥೆ ಆಗಲಾರದು. ಒಬ್ಬರ ಹೆಸರು ಯಾವ ತಾರೀಖಿನ ನಂತರ ಕ್ಷೇಮ ಸಮಾಚಾರದಲ್ಲಿ ಕಾಣುವುದಿಲ್ಲ ಎಂಬುದನ್ನು ನೋಡಿಯೇ ತಿಳಿಯಬೇಕು. ಅದಕ್ಕಾಗಿಯೇ ತಂತಿಯ ಕ್ರಮವನ್ನು ಕಲೆಸಬಾರದು.

ಇನ್ನೊಂದು ಕೊರತೆಯೂ ಇದೆ. ಮನೆಯಲ್ಲಿ ಉಳಿಯುವುದು ಬಂದ ಕಾರ್ಡು, ಕಳಿಸಿದ್ದಲ್ಲ. ಅಜ್ಜ ಬರೆದದ್ದು ಬೀಗರ ಮನೆಯ ತಂತಿಯಲ್ಲಿದೆ. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಗೆ ಹಾಡು ಕೇಳಿ ನಮ್ಮ ಹುಡುಗ ಹುಡುಗಿಯರು ಬರೆದ ಕಾರ್ಡುಗಳು ಬಾನುಲಿಯಲ್ಲಿ ಹೆಸರು ಕೇಳಿಸಿ ಮುಗಿದವು. ಶಿವರಾಮ ಕಾರಂತರು ತಮಗೆ ಬರೆದ ಸಾಮಾನ್ಯ ಓದುಗರಿಗೂ ಕಾರ್ಡಿನಲ್ಲಿ ಉತ್ತರ ಬರೆಯುತ್ತಿದ್ದರು ಎಂಬುದು ಕನ್ನಡಿಗರಿಗೆಲ್ಲ ತಿಳಿದ ಮಾತು. ಆ ಉತ್ತರಗಳೂ ಎಷ್ಟೋ ಊರಿನ ಎಷ್ಟೋ ಮನೆಗಳಲ್ಲಿ ಚದುರಿಹೋಗಿವೆ. ಸಂಗ್ರಹವನ್ನು ಪೂರ್ತಿ ಮಾಡಬೇಕೆನ್ನುವವರು ಅಂಗಡಿಗೆ ಹೋಗುವ ಮೊದಲು ನೆಂಟರ ಮನೆಗೆ ಹೋಗಿ ಬರಬೇಕು.

ಹಾಳಾಗುವ ಬಗೆಗೆ ಬರೋಣ. ನಮ್ಮದು ಅರೆಮಲೆನಾಡು. ಭದ್ರಾ ನಾಲೆ ಬಂದ ಮೇಲೆ ಗದ್ದೆ, ತೋಟ ಊರಿನ ಅಂಚಿಗೇ ಬಂದಿವೆ. ಆಷಾಢ, ಶ್ರಾವಣದಲ್ಲಿ ಗೋಡೆ ಬೆವರುವಷ್ಟು ಥಂಡಿ. ಗಾಳಿಯ ತೇವಾಂಶ ಶೇಕಡಾ 65 ದಾಟಿ ಅಲ್ಲೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುವ ಅಪಾಯ ಶುರು. ಪುಸ್ತಕ ಭಂಡಾರಗಳಿಗೆ ಹೇಳುವ ಶೇಕಡಾ 35ರಿಂದ 50ರ ಮಟ್ಟ ಹಗಲೂ ರಾತ್ರಿ ಏಸಿ ಓಡಿಸದೆ ಇಲ್ಲಿ ಸಿಗುವುದಿಲ್ಲ, ಅದಕ್ಕೆ ಕೊರಗುವುದೂ ಬೇಡ. ಮಳೆಗಾಲದಲ್ಲಿ ತೇವ ಒಳಗೆ ಹೋಗದಂತೆ, ಬೇಸಿಗೆಯಲ್ಲಿ ಒಳಗಿನದು ಸಿಕ್ಕಿಹಾಕಿಕೊಳ್ಳದಂತೆ ನೋಡಿಕೊಂಡರೆ ಸಾಕು. ಕಾರ್ಡುಗಳನ್ನು ಪೆಟ್ಟಿಗೆಗೆ ತುಂಬುವ ಕೆಲಸವನ್ನು ಫೆಬ್ರವರಿ, ಮಾರ್ಚಿಗೆ ಇಟ್ಟುಕೊಳ್ಳಿ. ಗಾಳಿ ಒಣಗಿರುವ ಆ ದಿನಗಳಲ್ಲಿ ಜಗುಲಿಯ ನೆರಳಿನಲ್ಲಿ ಹರಡಿ, ಒಣಗಿಸಿ, ಆಮೇಲೆ ಮುಚ್ಚಬೇಕು. ಮಳೆಗಾಲದಲ್ಲಿ ಪ್ಲಾಸ್ಟಿಕ್ಕಿಗೆ ಹಾಕಿ ಬಿಗಿದರೆ ತೇವವನ್ನೇ ಒಳಗೆ ಕೂಡಿಹಾಕಿದಂತಾಗುತ್ತದೆ.

ಬಿಸಿಲಿಗೆ ಒಣಹಾಕುವುದು ನಮ್ಮವರ ಹಳೆಯ ರೂಢಿ. ಧಾನ್ಯಕ್ಕೆ ಅದು ಸರಿ, ಕಾರ್ಡಿಗೆ ಬೇಡ. ಬಿಸಿಲಿನಲ್ಲಿ ಶಾಯಿ ಮಾಸುತ್ತದೆ, ಅರಿಶಿನ ಇನ್ನೂ ಬೇಗ ಮಾಸುತ್ತದೆ, ಮರದ ತಿರುಳಿನ ಕಾಗದ ಕೆಂಪಾಗಿ ಮುರಿಯುತ್ತದೆ. ಶಾಯಿಗಳ ಸ್ವಭಾವವೂ ಬೇರೆ ಬೇರೆ. ಅಂಚೆ ಮುದ್ರೆಯ ಕರಿ ಎಣ್ಣೆಶಾಯಿ ಗಟ್ಟಿ. ಫೌಂಟನ್ ಪೆನ್ನಿನ ನೀಲಿ ಶಾಯಿ ಒಂದು ಹನಿ ನೀರಿಗೇ ಹರಡಿಕೊಳ್ಳುತ್ತದೆ. ಸೀಸದ ಕಡ್ಡಿಯಲ್ಲಿ ಬರೆದದ್ದು ನೀರಿಗೂ ಬೆಳಕಿಗೂ ಜಗ್ಗುವುದಿಲ್ಲ, ಉಜ್ಜಿದರೆ ಮಾತ್ರ ಹೋಗುತ್ತದೆ. ಹಳೆಯ ಕಾರ್ಡುಗಳಲ್ಲಿ ಕಾಪಿಯಿಂಗ್ ಪೆನ್ಸಿಲ್ಲಿನ ಬರಹ ಸಿಕ್ಕೀತು. ಒಣಗಿದ್ದಾಗ ಸಾದಾ ಪೆನ್ಸಿಲ್ಲಿನಂತೆ ಕಾಣುವ ಅದು ಒದ್ದೆಯಾದರೆ ನೇರಳೆ ಬಣ್ಣಕ್ಕೆ ತಿರುಗಿ ಹರಿಯುತ್ತದೆ. ಒಂದೇ ಕಂತೆಯಲ್ಲಿ ಇವೆಲ್ಲ ಕಲೆತಿರುವಾಗ ಒದ್ದೆ ಬಟ್ಟೆಯಲ್ಲಿ ಒರೆಸುವ ಯೋಚನೆಯನ್ನೇ ಬಿಡಬೇಕು.

ಹುಳಗಳಲ್ಲಿ ಗೆದ್ದಲು ಒಂದು ರಾತ್ರಿಯಲ್ಲಿ ಬರುವ ಕೇಡು. ಜಿರಲೆ ಮತ್ತು ಬೆಳ್ಳಿಹುಳ ವರ್ಷಗಟ್ಟಲೆ ಮೇಯುತ್ತವೆ. ಗೆದ್ದಲಿಗೆ ಮದ್ದು ಜಾಗ: ಮಣ್ಣಿನ ಗೋಡೆಗೆ ತಾಗದಂತೆ, ನೆಲದಿಂದ ಮೇಲೆ. ಬೆಳ್ಳಿಹುಳಕ್ಕೆ ಗಂಜಿಯೂ ಅಂಟೂ ಇಷ್ಟ. ಹೀಗಾಗಿ ಬಟ್ಟೆಯಲ್ಲಿ ಕಟ್ಟಿಡುವವರು ಗಂಜಿ ಹಾಕದ, ಒಗೆದ ಬಿಳಿ ಹತ್ತಿಬಟ್ಟೆಯನ್ನೇ ಬಳಸಬೇಕು. ಓಲೆಗರಿಗಳಿಗೆ ಕೆಂಪು ಬಟ್ಟೆ ಸುತ್ತುತ್ತಿದ್ದರು, ನಿಜ. ಆದರೆ ಇಂದು ಅಂಗಡಿಯಲ್ಲಿ ಸಿಗುವ ಕೆಂಪು ಒದ್ದೆಯಾದರೆ ಬಣ್ಣ ಬಿಡುತ್ತದೆ. ಬಜೆ ಬೇರಿನ ಪುಡಿಯ ಗಂಟು, ಒಣಗಿದ ಬೇವಿನ ಎಲೆ ಹುಳವನ್ನು ದೂರ ಇಡಲು ನೆರವಾಗುತ್ತವೆ. ಅವನ್ನು ಪೆಟ್ಟಿಗೆಯ ಮೂಲೆಯಲ್ಲಿಡಿ, ಕಾರ್ಡಿನ ಮೇಲೆ ಬೇಡ, ವರ್ಷಕ್ಕೊಮ್ಮೆಯಾದರೂ ಬದಲಿಸಿ. ಹಸಿ ಬೇವಿನ ಸೊಪ್ಪು ತಾನೇ ತೇವ ತರುತ್ತದೆ. ನುಸಿಗುಳಿಗೆಯನ್ನು ನಾನು ಒಪ್ಪುವುದಿಲ್ಲ. ಅದರ ಹಬೆ ಮನೆಯವರ ಉಸಿರಿಗೆ, ಅದರಲ್ಲೂ ಮಕ್ಕಳಿಗೆ ಒಳ್ಳೆಯದಲ್ಲ, ಮೊಟ್ಟೆಯೊಳಗಿನ ಹುಳಕ್ಕೆ ಅದು ಮುಟ್ಟುವುದೂ ಇಲ್ಲ.

ಹುಳ ಹಿಡಿದ ಕಂತೆಗೆ ಮನೆಯಲ್ಲೇ ಆಗುವ ಉಪಾಯ ಫ್ರಿಜ್ಜಿನ ಫ್ರೀಜರ್. ಒಣಗಿದ ಕಾರ್ಡುಗಳನ್ನು ಪಾಲಿಥೀನ್ ಚೀಲದಲ್ಲಿಟ್ಟು, ಗಾಳಿ ಹೊರಗೊತ್ತಿ, ಬಿಗಿಯಾಗಿ ಮುಚ್ಚಿ, ಮೈನಸ್ 18 ಡಿಗ್ರಿಯ ಹತ್ತಿರ ಎರಡು ವಾರ ಇಡಬೇಕು. ಹೊರತೆಗೆದ ಮೇಲೆ ಒಂದಿಡೀ ದಿನ ಚೀಲ ಬಿಚ್ಚಕೂಡದು. ತಣ್ಣಗಿರುವಾಗಲೇ ಬಿಚ್ಚಿದರೆ ಹೊರಗಿನ ತೇವ ಕಾರ್ಡಿನ ಮೇಲೇ ಹನಿಯಾಗಿ ಕೂರುತ್ತದೆ. ಫೋಟೋ ಕಾಗದದ ಮೇಲೆ ತೊಳೆದು ಮಾಡಿದ ಕಾರ್ಡುಗಳಿಗೆ ಈ ಉಪಾಯ ಬೇಡ.

ಇಡುವ ಕವರಿನ ವಿಷಯದಲ್ಲಿ ಒಂದು ತಪ್ಪು ತುಂಬಾ ನಡೆಯುತ್ತದೆ. ಮೃದುವಾದ, ಹೊಸ ರೇನ್‌ಕೋಟಿನ ವಾಸನೆ ಹೊಡೆಯುವ ಪ್ಲಾಸ್ಟಿಕ್ಕು ಪಿವಿಸಿ. ವರ್ಷಗಳು ಕಳೆದಂತೆ ಅದು ಆಮ್ಲ ಬಿಡುತ್ತದೆ, ಅಂಟಂಟಾಗಿ ಶಾಯಿಯನ್ನು ಎಳೆದುಕೊಳ್ಳುತ್ತದೆ. ಅದರ ಬದಲು ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್ ಕವರು ಆಗುತ್ತದೆ. ಅಂಟುವ ಹಾಳೆಯ ಮೇಲೆ ಪಾರದರ್ಶಕ ಪೊರೆ ಇರುವ ಫೋಟೋ ಆಲ್ಬಮ್ಮುಗಳಲ್ಲಿ ಕಾರ್ಡನ್ನು ಇಡಲೇಬಾರದು, ಹತ್ತು ವರ್ಷದ ಮೇಲೆ ಬೆನ್ನು ಹರಿಯದೆ ಅದು ಹೊರಗೆ ಬರುವುದಿಲ್ಲ. ಹೆಚ್ಚಿನ ಮನೆಗಳಿಗೆ ಕವರೂ ಬೇಕಿಲ್ಲ. ಆಮ್ಲರಹಿತ ಕಾಗದದ ಲಕೋಟೆಯಲ್ಲಿ ವರ್ಷಕ್ಕೊಂದು ಕಂತೆ, ಆ ಕಂತೆಗಳು ಒಂದು ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಸ್ಟೀಲ್ ಬೀರುವಿನ ನಡುವಿನ ಹಲಗೆಯ ಮೇಲೆ. ಇಷ್ಟು ಸಾಕು. ಮರದ ಪೆಟ್ಟಿಗೆ ತಾನೇ ಆಮ್ಲದ ಹಬೆ ಬಿಡುತ್ತದೆ. ತಗಡಿನ ಟ್ರಂಕು ಆಗಬಹುದು, ತುಕ್ಕು ಹಿಡಿದಿರಬಾರದು, ಹೊರಗೋಡೆಗೆ ಒರಗಿರಬಾರದು. ಸಿಲಿಕಾ ಜೆಲ್ ಪೊಟ್ಟಣ ಕೆಲಸ ಮಾಡುವುದು ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ ಮಾತ್ರ. ನೀಲಿ ಹರಳು ಗುಲಾಬಿಯಾದರೆ ತುಂಬಿತು ಎಂದರ್ಥ, ಬಿಸಿ ಮಾಡಿ ಒಣಗಿಸಿ ಮತ್ತೆ ಇಡಬೇಕು. ರಬ್ಬರ್ ಬ್ಯಾಂಡು, ಗುಂಡುಪಿನ್ನು, ಸ್ಟೇಪಲ್ಲು ಯಾವುದೂ ಬೇಡ.

ಆಮ್ಲರಹಿತ ಎಂದು ಮಾರುವ ಕಾಗದಗಳಲ್ಲಿ ಕೆಲವಕ್ಕೆ ಸುಣ್ಣದ ಅಂಶ ಬೆರೆಸಿರುತ್ತಾರೆ. ಸಾದಾ ಕಾರ್ಡಿಗೆ ಅದು ಒಳ್ಳೆಯದೇ, ಕಾಗದದ ಹುಳಿಯನ್ನು ತಡೆಯುತ್ತದೆ. ಆದರೆ ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆಂದು ಓಕುಳಿ ಕಲೆಸಿದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅರಿಶಿನ ಹಚ್ಚಿದ ಮದುವೆಯ ಕಾರ್ಡಿಗೆ ಅಂಥ ಕಾಗದ ಒತ್ತಿಕೊಂಡು, ಮೇಲಿಂದ ತೇವವೂ ಸೇರಿದರೆ ಮೂಲೆಯ ಬಣ್ಣ ಕೆಡಬಹುದು. ಅವಕ್ಕೆ ಸುಣ್ಣ ಸೇರಿಸದ ಕಾಗದ ಅಥವಾ ಪಾಲಿಯೆಸ್ಟರ್ ಕವರೇ ಸರಿ. ಹೊರದೇಶದ ಕೈಪಿಡಿಗಳಲ್ಲಿ ಈ ಎಚ್ಚರಿಕೆಗೆ ಜಾಗವಿಲ್ಲ, ಅಲ್ಲಿಯ ಕಾರ್ಡುಗಳಿಗೆ ಯಾರೂ ಅರಿಶಿನ ಹಚ್ಚಿಲ್ಲ.

ತಂತಿಯಿಂದ ಕಾರ್ಡು ಬಿಡಿಸಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹೌದು. ತುಕ್ಕು ಪ್ರತಿ ಮಳೆಗಾಲವೂ ತೂತನ್ನು ಹಿಗ್ಗಿಸುತ್ತದೆ. ಬಿಡಿಸುವ ಮೊದಲು ಇಡೀ ತಂತಿಯ ಫೋಟೋ ತೆಗೆಯಿರಿ. ಕೊಕ್ಕೆಯ ಬಾಗಿನಲ್ಲಿ ಎಳೆದು ತೆಗೆದರೆ ಕಾರ್ಡು ಹರಿಯುವುದು ಖಂಡಿತ. ಕಟಿಂಗ್ ಪ್ಲೈಯರಿನಿಂದ ಕೊಕ್ಕೆಯನ್ನೇ ಕತ್ತರಿಸಿ, ನೆಟ್ಟಗಿನ ತಂತಿಯಿಂದ ಒಂದೊಂದನ್ನೇ ಮೇಲಕ್ಕೆತ್ತಬೇಕು. ಎತ್ತಿದಂತೆ ಮೃದು ಸೀಸದ ಕಡ್ಡಿಯಿಂದ ಕಾರ್ಡಿನ ವಿಳಾಸದ ಬದಿಯ ಒಂದೇ ಮೂಲೆಯಲ್ಲಿ ಸಣ್ಣದಾಗಿ ಅಂಕಿ ಹಾಕಿ. ರಸೀದಿ, ಮಂಡಿ ಚೀಟಿಗಳಿಗೂ ಅದೇ ಸಾಲಿನ ಅಂಕಿ. ಅವು ಕಸವಲ್ಲ. ತಾರೀಖಿಲ್ಲದ ಕಾರ್ಡಿನ ಕಾಲ ಹೇಳುವುದು ಎಷ್ಟೋ ಬಾರಿ ಅದರ ಮೇಲೆ ಕೂತ ಕಂದಾಯದ ರಸೀದಿ.

ಕಾಲ ಹೇಳುವ ಬೇರೆ ಗುರುತುಗಳೂ ಇವೆ. ಬೆಲೆ ಆಣೆಯಲ್ಲಿದ್ದರೆ ಕಾರ್ಡು ಅಚ್ಚಾದದ್ದು 1957ರ ಏಪ್ರಿಲ್ 1ಕ್ಕೆ ಮುಂಚಿನ ಲೆಕ್ಕದಲ್ಲಿ. ‘ನಯಾ ಪೈಸೆ’ ಎಂದಿದ್ದರೆ ಆ ನಂತರದ ಕೆಲವು ವರ್ಷಗಳದ್ದು, 1964ರಲ್ಲಿ ‘ನಯಾ’ ಬಿಟ್ಟುಹೋಯಿತು. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. ‘ಮೈಸೂರು ರಾಜ್ಯ’ ಎಂದಿದ್ದರೆ ಬಹುಮಟ್ಟಿಗೆ 1973ರ ನವೆಂಬರ್ 1ರ ಆಚಿನದು. ಚನ್ನಗಿರಿ ತಾಲ್ಲೂಕು ಶಿವಮೊಗ್ಗದಿಂದ ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿದ್ದು 1997ರಲ್ಲಿ. ರೂಢಿಯ ಕೈ ಬೇಗ ಬದಲಾಗುವುದಿಲ್ಲ, ಆಮೇಲೂ ‘ಶಿವಮೊಗ್ಗ ಜಿಲ್ಲೆ’ ಎಂದೇ ಬರೆದವರು ಇರುತ್ತಾರೆ. ಹಾಗಾಗಿ ಹೊಸ ಹೆಸರನ್ನು ನಂಬಿದಷ್ಟು ಹಳೆಯ ಹೆಸರನ್ನು ನಂಬುವಂತಿಲ್ಲ. ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲೂ ಒಂದು ಬಸವಾಪಟ್ಟಣ ಇದೆ. ತಾಲ್ಲೂಕಿನ ಹೆಸರು ಬಿಟ್ಟು ಬರೆದ ಕಾರ್ಡು ದಾರಿ ತಪ್ಪಿ ಅಲ್ಲಿಗೂ ಹೋಗಿ ಬಂದಿರಬಹುದು. ಅಂಥ ಕಾರ್ಡಿನ ಮೇಲೆ ಬೀಳುವ ಹೆಚ್ಚಿನ ಮುದ್ರೆಯೇ ಅದರ ಪ್ರಯಾಣದ ದಾಖಲೆ. ಮುದ್ರೆ ಗಲೀಜು ಕಾಣುತ್ತದೆಂದು ರಬ್ಬರಿನಿಂದ ಉಜ್ಜಿದರೆ ಅಷ್ಟೂ ಹೋದಂತೆ.

ದುರಸ್ತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ನಡುವಿನಿಂದ ಅಂಚಿಗೆ ತಳ್ಳಿ. ಬೂಷ್ಟು ಹಿಡಿದಿದ್ದರೆ ಮೊದಲು ನೆರಳಿನಲ್ಲಿ ಒಣಗಿಸಿ, ಮನೆಯ ಹೊರಗೆ, ಮೂಗು ಬಾಯಿ ಮುಚ್ಚಿಕೊಂಡು ಝಾಡಿಸಿ. ಚೊಗರಿನ ಕಲೆ, ಹೊಗೆಯ ಕಪ್ಪು ಇದ್ದ ಹಾಗೇ ಇರಲಿ. ಸೆಲೋಟೇಪು ಕೆಲವೇ ವರ್ಷದಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಪ್ರೀತಿಯಿಂದಲೇ ಮಾಡಿಸುತ್ತಾರೆ, ಅಜ್ಜಿಯ ಕಾರ್ಡು ಶಾಶ್ವತವಾಗಿ ಇರಲಿ ಎಂದು. ಬಿಸಿಗೆ ಕರಗಿದ ಆ ಪ್ಲಾಸ್ಟಿಕ್ಕನ್ನು ಮುಂದೆ ಯಾರೂ ಬಿಡಿಸಲಾರರು. ನಿಜವಾಗಿ ಬೆಲೆಯುಳ್ಳ, ಮುರಿಯುವ ಹಂತದ ಕಾರ್ಡು ಇದ್ದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿರುವ ಇಂಟ್ಯಾಕ್ ಸಂರಕ್ಷಣಾ ಕೇಂದ್ರದಂಥ ಕಡೆ ತಿಳಿದವರನ್ನು ಕೇಳುವುದು ಮೇಲು.

ಎಲ್ಲಕ್ಕಿಂತ ಬೇಗ ಅಳಿಯುತ್ತಿರುವುದು ಕಾರ್ಡನ್ನು ಬಲ್ಲವರ ನೆನಪು. ಸಹಿ ಅತ್ತೆಯದು, ಅಕ್ಷರ ಮಾತ್ರ ಪಕ್ಕದ ಮನೆಯ ಶಾಲಾ ಹುಡುಗನದು, ಇಲ್ಲವೇ ಮೇಷ್ಟರದು. ಓದು ಬರಹ ಬಾರದ ಎಷ್ಟೋ ಹೆಣ್ಣುಮಕ್ಕಳು ಹೇಳಿ ಬರೆಸಿದ ಕಾರ್ಡುಗಳಿವು. ‘ಸಣ್ಣಪ್ಪ’, ‘ಹೊಸಮನೆ ಅಕ್ಕ’, ‘ತೋಟದ ಮನೆಯವರು’ ಯಾರೆಂದು ಹೇಳಬಲ್ಲವರು ಮನೆಯಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ಅವರ ಮುಂದೆ ಕಾರ್ಡು ಓದಿ, ಹೇಳಿದ್ದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಕಾರ್ಡಿನ ಅಂಕಿಯ ಎದುರು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪೆಟ್ಟಿಗೆಯ ಕೆಲಸ ಮುಂದಿನ ಬೇಸಿಗೆಗೆ ಕಾಯಬಹುದು. ಇದು ಕಾಯುವುದಿಲ್ಲ.

ಸ್ಕ್ಯಾನ್ ಮಾಡುವವರು ಎರಡೂ ಬದಿ ಮಾಡಬೇಕು, 600 ಡಿಪಿಐ ಸಾಕು, ಕಡತದ ಹೆಸರು ಕಾರ್ಡಿನ ಅಂಕಿಯೇ ಆಗಿರಲಿ. ಮೊಬೈಲಿನಲ್ಲಾದರೆ ಫ್ಲ್ಯಾಶ್ ಇಲ್ಲದೆ, ಕಿಟಕಿಯ ಬೆಳಕಿನಲ್ಲಿ, ಕಾರ್ಡಿನ ನೇರಕ್ಕೆ ಮೇಲಿಂದ. ಪ್ರತಿಯನ್ನು ಎರಡು ಬೇರೆ ಊರುಗಳಲ್ಲಿ ಇಡಿ. ಸ್ಕ್ಯಾನ್ ಆಯಿತೆಂದು ಮೂಲವನ್ನು ಎಸೆಯುವವರಿದ್ದಾರೆ. ಕಾಗದದ ದಪ್ಪ, ಪೆನ್ನಿನ ಒತ್ತು, ಅರಿಶಿನದ ಪುಡಿ ಸ್ಕ್ಯಾನಿಗೆ ಸಿಗುವುದಿಲ್ಲ.

ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಮುಂಚೆ ಒಮ್ಮೆ ಓದಿ ನೋಡಿ. ಸಾಲದ ಮಾತು, ಗಂಡನ ಮನೆಯ ಜಗಳ, ಪಾಲಿನ ಲೆಕ್ಕ ಬದುಕಿರುವವರನ್ನು ನೋಯಿಸಬಹುದು. ಕಾರ್ಡು ನಿಮ್ಮ ಕೈಯಲ್ಲಿದ್ದರೂ ಬರಹದ ಹಕ್ಕು ಬರೆದವರದು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಆ ಹಕ್ಕು ಸಾಮಾನ್ಯವಾಗಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಅವರ ವಾರಸುದಾರರಿಗೆ ಇರುತ್ತದೆ. ಅಚ್ಚು ಹಾಕಿಸುವ ಮನಸ್ಸಿದ್ದರೆ ಅವರ ಒಪ್ಪಿಗೆ ಬೇಕು.

ಮಣ್ಣಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟುವಾಗ, ಅಣ್ಣತಮ್ಮಂದಿರು ಪಾಲಾಗುವಾಗ ಅಟ್ಟದ ತಂತಿಗಳಿಗೆ ಗಂಡಾಂತರ. ಪಾಲಿನಲ್ಲಿ ಕಾರ್ಡುಗಳನ್ನು ಹಂಚಿಕೊಳ್ಳಬೇಡಿ. ಇಡೀ ಕಂತೆ ಒಬ್ಬರ ಬಳಿ ಇರಲಿ, ಉಳಿದವರಿಗೆ ಸ್ಕ್ಯಾನ್ ಪ್ರತಿ ಸಿಗಲಿ. ಮನೆಯಲ್ಲಿ ಇಟ್ಟುಕೊಳ್ಳುವವರೇ ಇಲ್ಲ ಎಂದಾದರೆ ಸಾರ್ವಜನಿಕ ಸಂಸ್ಥೆಯನ್ನು ಕೇಳಬಹುದು. ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರ ಇದೆ. ನಮಗೆ ಹತ್ತಿರವಾದ ಸಾಗರ ತಾಲ್ಲೂಕಿನ ಕೆಳದಿಯಲ್ಲಿ ಕುವೆಂಪು ವಿಶ್ವವಿದ್ಯಾಲಯದೊಂದಿಗೆ ಸೇರಿದ ವಸ್ತುಸಂಗ್ರಹಾಲಯವಿದೆ. ಅಂಚೆಯ ಮುದ್ರೆ, ಛಾಪಿನ ದೃಷ್ಟಿಯಿಂದ ಕಾರ್ಡು ಬೆಲೆಯುಳ್ಳದ್ದೋ ಎಂದು ತಿಳಿಯಬೇಕಾದರೆ ಕರ್ನಾಟಕ ಫಿಲಾಟೆಲಿಕ್ ಸೊಸೈಟಿಯ ಸದಸ್ಯರು ಹೇಳಬಲ್ಲರು. ಎಲ್ಲ ಸಂಸ್ಥೆಯೂ ಎಲ್ಲವನ್ನೂ ತೆಗೆದುಕೊಳ್ಳುವುದಿಲ್ಲ. ಮೊದಲೇ ಕೇಳಿ, ಅಂಕಿ ಹಾಕಿದ ಪಟ್ಟಿ, ನೆನಪು ಬರೆದ ನೋಟ್‌ಬುಕ್ಕು, ಧ್ವನಿಮುದ್ರಣ ಮೂರನ್ನೂ ಜೊತೆಗೆ ಒಯ್ಯಿರಿ. ಕೊಡುವ ಕಾಗದದಲ್ಲಿ ಎರಡು ಷರತ್ತು ಇರಲಿ: ಕಂತೆಯನ್ನು ಒಡೆದು ಬೇರೆ ಬೇರೆ ಕಡೆ ಇಡಬಾರದು, ಮನೆಯವರು ಬಂದು ಕೇಳಿದಾಗ ಓದಲು ಕೊಡಬೇಕು. ಪಟ್ಟಿಯ ಎರಡು ಪ್ರತಿಗೂ ಎರಡೂ ಕಡೆಯವರು ಸಹಿ ಹಾಕಿ, ಒಂದನ್ನು ಮನೆಯ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಿ.